ಆರಕ್ಕೂ ಐದಕ್ಕೂ ನಡುವೆ

ಹೊಸ ಎಂಜಿನ್ನಿನ ಸೀಟು ಮೆತ್ತಗಿತ್ತು. ಬೆಳಿಗ್ಗೆಯಿಂದ ಮಕ್ಕಾವಿಯನ್ನು ಕಾಡುತ್ತಿದ್ದದ್ದು ಅದೇ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಉಗಿ ಎಂಜಿನ್ನಿನಲ್ಲಿ ನಿಂತೇ ಈ ಮರುಭೂಮಿಯನ್ನು ದಾಟಿದವನು ಅವನು. ಒಂದು ಮಗ್ಗುಲನ್ನು ಒಲೆ ಬೇಯಿಸುತ್ತಿದ್ದರೆ ಇನ್ನೊಂದಕ್ಕೆ ಕಿಟಕಿಯಿಂದ ಮರಳು ಬಡಿಯುತ್ತಿತ್ತು, ಇದಪ್ಪಾ ಗಂಡಸಿನ ಕೆಲಸ ಎಂದು ಅವನು ಬೀಗುತ್ತಿದ್ದ. ಅಂಥವನು ಈಗ ಡೀಸೆಲ್ ಎಂಜಿನ್ನಿನ ಗಾಜಿನ ಹಿಂದೆ ಕಚೇರಿಯ ಗುಮಾಸ್ತನ ಹಾಗೆ ಕಾಲು ಚಾಚಿ ಕೂತಿದ್ದ, ಮತ್ತು ಅದು ಅವನಿಗೆ ಹಿಡಿಸಿತ್ತು. ಬೆನ್ನು ನೋಯುತ್ತಿರಲಿಲ್ಲ, ಕಣ್ಣು ಉರಿಯುತ್ತಿರಲಿಲ್ಲ. ಹಳೆಯ ಎಂಜಿನ್ನನ್ನು ಕಳಿಸಿಕೊಟ್ಟ ದಿನ ಉಳಿದ ಡ್ರೈವರುಗಳೆಲ್ಲ ಅದರ ಹೊಟ್ಟೆ ಸವರಿ ಕಣ್ಣು ಒರೆಸಿಕೊಂಡಿದ್ದರು, ಇವನೂ ಒರೆಸಿಕೊಂಡಿದ್ದ, ಆದರೆ ಅವನ ಕಣ್ಣು ಒಣಗಿತ್ತು. ಅದನ್ನು ಯಾರಾದರೂ ನೋಡಿದರೇನೋ ಎಂಬ ಅಳುಕು ಇನ್ನೂ ಹೋಗಿರಲಿಲ್ಲ.

ಅಳುಕಿಗೆ ಇನ್ನೊಂದು ಕಾರಣ ಪಕ್ಕದಲ್ಲೇ ಕೂತಿತ್ತು. ಇನ್ಸ್‌ಪೆಕ್ಟರ್ ಫಿಕ್ರಿ, ಹಾಲ್ಫಾ ಊರಿನ ಹುಡುಗ, ಮೀಸೆ ಈಗಷ್ಟೇ ದಪ್ಪವಾಗುತ್ತಿತ್ತು. ಮಕ್ಕಾವಿ ಒಬ್ಬನೇ ಹೊಣೆ ಹೊತ್ತು ಡೀಸೆಲ್ ಓಡಿಸುವ ಮೊದಲ ದಿನ ಇದು. ಇವನು ನೋಡಿ ಸರಿ ಎಂದರೆ ಈ ಸೀಟು ಖಾಯಂ. ಇಲ್ಲವಾದರೆ ರೈಲ್ವೆಯ ದೊಡ್ಡ ಕಚೇರಿಯಿರುವ ಅಟ್ಬರಾದ ಯಾರ್ಡಿನಲ್ಲಿ ರೈಲು ಡಬ್ಬಿ ಜೋಡಿಸುತ್ತಾ ಹಿಂದಕ್ಕೆ ಮುಂದಕ್ಕೆ ಹೋಗುತ್ತಾ ಪಿಂಚಣಿಗೆ ಕಾಯುವುದು. ಅಬು ಹಮದ್ ಬಿಡುವ ಮೊದಲೇ ಫಿಕ್ರಿ ಹೇಳಿದ್ದ: "ನೋಡಿ ಡ್ರೈವರ್, ಮುಚ್ಚುಮರೆ ಏನೂ ಇಲ್ಲ. ರೈಲು ಠಾಣೆ ಬಿಟ್ಟು ನಡುವೆ ಎಲ್ಲೂ ನಿಲ್ಲಿಸೋ ಹಾಗಿಲ್ಲ. ಹಾಲ್ಫಾದಲ್ಲಿ ಈ ಜನರಿಗಾಗಿ ದೋಣಿ ಕಾಯ್ತಾ ಇರತ್ತೆ. ನಿಲ್ಲಿಸಿದ್ರೆ ನಾನು ಬರೀಬೇಕಾಗತ್ತೆ." ಮಕ್ಕಾವಿ "ಆಗಲಿ ಸಾಹೇಬ್ರೇ" ಎಂದಿದ್ದ. ಹಿಂದೆ ನಿಂತಿದ್ದ ಜಾಬಿರ್ ಕೆಮ್ಮಿದ. ಹದಿನಾರು ವರ್ಷ ಇವನ ಜೊತೆ ಒಲೆಗೆ ಕಲ್ಲಿದ್ದಲು ಹಾಕಿದ ಜಾಬಿರನಿಗೆ ಈಗ ಸಹಾಯಕ ಎಂಬ ಹೆಸರಿತ್ತು, ಕೆಲಸ ಇರಲಿಲ್ಲ. ಒಂದು ಶುಭ್ರ ಬಟ್ಟೆ ಹಿಡಿದು ಒರೆಸಿದ್ದ ಗಾಜನ್ನೇ ಒರೆಸುತ್ತಿದ್ದ. ಆ ಕೆಮ್ಮಿನ ಅರ್ಥ ಮಕ್ಕಾವಿಗೆ ತಿಳಿದಿತ್ತು.

ಬೆಳಿಗ್ಗೆ ಹೆಂಡತಿ ಬತೂಲ್ ಬಿಳಿ ಅಂಗಿಯನ್ನು ಕೈಗೆ ಕೊಡುತ್ತಾ ನಕ್ಕಿದ್ದಳು. ಹುಳಿ ಬಂದ ಜೋಳದ ಹಿಟ್ಟನ್ನು ಕಾದ ಹೆಂಚಿನ ಮೇಲೆ ತೆಳ್ಳಗೆ ಸವರಿ ಎಬ್ಬಿಸುತ್ತಿದ್ದ ಕೈಯನ್ನು ಹಾಗೇ ಒರೆಸಿಕೊಂಡು ಬಂದಿದ್ದಳು. "ಮೂರು ವಾರದಿಂದ ಟ್ರೈನಿಂಗು ಟ್ರೈನಿಂಗು ಅಂತ ಹೋಗಿ ಬರ್ತೀರಿ, ಅಂಗಿ ಹೋದ ಹಾಗೇ ಬರತ್ತೆ. ಆಚೆ ಮನೆ ಸಕೀನಾ ಕೇಳ್ತಾಳೆ, ನಿನ್ನ ಗಂಡ ಎಂಜಿನ್ ಓಡಿಸ್ತಾನೋ ಮದುವೆಮನೆ ಊಟಕ್ಕೆ ಹೋಗ್ತಾನೋ ಅಂತ." ಅವನು "ನಿನಗೆ ಒಗೆಯೋ ಕೆಲಸ ತಪ್ಪಿತಲ್ಲ, ಖುಷಿಪಡು" ಎಂದ. "ಖುಷಿನೇ. ಆದ್ರೂ ಕೊಳೆ ನೋಡಿದ್ರೆ ಇವತ್ತು ನೀವೇನು ಮಾಡಿದ್ರಿ ಅಂತ ಗೊತ್ತಾಗ್ತಿತ್ತು" ಎಂದಳು ಬತೂಲ್. ಅವನು ಒಣ ಬೆಂಡೆಯ ಸಾರಿನಲ್ಲಿ ಇನ್ನೊಂದು ತುತ್ತು ಅದ್ದಿದ. ನಿಜ ಹೇಳಬೇಕೆಂದರೆ ಅವನು ಸುಖವಾಗಿದ್ದ. ಚಳಿಗಾಲದ ಬೆಳಗು, ಹೊಟ್ಟೆ ತುಂಬಾ ಊಟ, ಶುಂಠಿ ಹಾಕಿದ ಕಾಫಿ, ನಗುವ ಹೆಂಡತಿ. ಮನುಷ್ಯನಿಗೆ ಇನ್ನೇನು ಬೇಕು? ಆರಕ್ಕೇರದೆ ಮೂರಕ್ಕಿಳಿಯದೆ ನಡೆದುಕೊಂಡು ಬಂದ ಬದುಕು. ಆದರೆ ದಾರಿಯಲ್ಲಿ ಆರನೇ ಠಾಣೆಯ ಆಚೆ ಇವತ್ತು ಮುದುಕ ಓಶೇಕ್ ನೀರಿಗಾಗಿ ಕಾದು ನಿಂತಿರುತ್ತಾನೆ ಎಂಬುದು ನೆನಪಾದಾಗ ಕಾಫಿ ಸಪ್ಪಗಾಗಿತ್ತು.

ಈ ದಾರಿಯಲ್ಲಿ ಊರುಗಳಿಲ್ಲ. ಅಬು ಹಮದ್‌ನಲ್ಲಿ ನದಿಯ ಕೈಬಿಟ್ಟರೆ ಹಾಲ್ಫಾದಲ್ಲೇ ಮತ್ತೆ ನದಿ. ನಡುವೆ ಬರೀ ಮರಳು, ಕಪ್ಪು ಕಲ್ಲು, ಹತ್ತು ಠಾಣೆ. ಠಾಣೆಗಳಿಗೆ ಹೆಸರಿಡಲು ಅಲ್ಲಿ ಏನೂ ಇರಲಿಲ್ಲವಾದ್ದರಿಂದ ಇಂಗ್ಲಿಷರು ಅಂಕಿ ಇಟ್ಟು ಹೋದರು. ಹಾಲ್ಫಾ ಕಡೆಯಿಂದ ಒಂದು, ಎರಡು, ಹೀಗೆ ಹತ್ತರವರೆಗೆ. ಇತ್ತ ಕಡೆಯಿಂದ ಹೋಗುವವರಿಗೆ ಅದು ಉಲ್ಟಾ ಮಗ್ಗಿ. ಹತ್ತು ಹೋಯಿತು, ಒಂಬತ್ತು ಹೋಯಿತು. ಮಕ್ಕಾವಿಯ ಅಜ್ಜ ಕರಮಲ್ಲಾ ಈ ಕಂಬಿ ಹಾಸಿದವರಲ್ಲಿ ಒಬ್ಬ. ಇಂಗ್ಲಿಷರು ತಮ್ಮ ದಂಡು ಸಾಗಿಸಲು ಹಾಸಿಸಿದ ಕಂಬಿ ಅದು. ಆಗ ಹೊರಡುತ್ತಿದ್ದ ಗಾಡಿ ಹೊತ್ತೊಯ್ಯುತ್ತಿದ್ದ ಸಾಮಾನಿನಲ್ಲಿ ಬಹುಪಾಲು ನೀರೇ ಅಂತೆ, ಎಂಜಿನ್ನು ಕುಡಿಯುವ ನೀರು, ಕೂಲಿಯವರು ಕುಡಿಯುವ ನೀರು. ನೀರನ್ನು ಹೊತ್ತು ನೀರನ್ನು ಕುಡಿಯುತ್ತಾ ಮುಂದೆ ಹೋಗುವ ಪ್ರಾಣಿ, ಒಂಟೆಯ ದೊಡ್ಡಣ್ಣ ಎನ್ನುತ್ತಿದ್ದ ಅಜ್ಜ. ಆ ಕಂಬಿಯ ಮೇಲೆ ಹೋದ ತೋಪುಗಳು ಒಮ್ದುರ್ಮಾನ್ ಊರ ಹೊರಗೆ ಸಿಡಿದಾಗ ಅವುಗಳ ಎದುರು ನಿಂತಿದ್ದವರಲ್ಲಿ ಅಜ್ಜನ ಒಡಹುಟ್ಟಿದ ತಮ್ಮನೂ ಇದ್ದ. ಅದರ ಮಾತು ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಅಜ್ಜ ಹೇಳುತ್ತಿದ್ದ ಕತೆ ಬೇರೆಯೇ. ಒಂದು ದಿನ ನೀರಿನ ಗಾಡಿ ಬರಲಿಲ್ಲ. ನಾಲಗೆ ಊದಿಕೊಂಡು ಕಂಬಿಯ ಪಕ್ಕ ಬಿದ್ದಿದ್ದವನ ಬಾಯಿಗೆ ದಾರಿಹೋಕ ಬಿಶಾರಿಯೊಬ್ಬ, ಈ ಮರಳಿನಲ್ಲಿ ಮೇಕೆ ಒಂಟೆ ಹೊಡೆದುಕೊಂಡು ಓಡಾಡುವ ಜನ ಅವರು, ತನ್ನ ತೊಗಲ ಚೀಲದಿಂದ ನೀರು ಹನಿಸಿದನಂತೆ. "ಹೆಂಗಿತ್ತಜ್ಜಾ ನೀರು?" "ನಾತ ಹೊಡೀತಿತ್ತು ಮಗಾ. ಸತ್ತ ಮೇಕೆ ನಾತ. ಸೋರದಿರ್ಲಿ ಅಂತ ತೊಗಲಿಗೆ ಡಾಂಬರಿನಂಥ ಕಪ್ಪೆಣ್ಣೆ ಬಳೀತಾರಲ್ಲ, ಆ ಘಾಟು. ಈ ಕಂಬಿ ಮೇಲೆ ನಾನು ಕುಡಿದ ಮೊದಲನೇ ಗುಟುಕು ಅದು." ಮಕ್ಕಳೆಲ್ಲ ಮೂಗು ಮುಚ್ಚಿಕೊಂಡು ನಗುತ್ತಿದ್ದರು. ನಗು ನಿಂತ ಮೇಲೆ ಅಜ್ಜ ಹೇಳುತ್ತಿದ್ದ: "ಕೈ ಎತ್ತಿದೋರಿಗೆ ನೀರು ಕೊಡದೆ ಹೋಗ್ಬಾರ್ದು."

ಹಾಗಾಗಿ ಅಜ್ಜನ ಮಗ ಒಲೆ ಉರಿಸುವವನಾದಾಗ ಕೊಟ್ಟ, ಮೊಮ್ಮಗ ಡ್ರೈವರಾದಾಗ ಕೊಟ್ಟ. ಈ ಹಾದಿಯ ಡ್ರೈವರುಗಳೆಲ್ಲ ಕೊಡುತ್ತಿದ್ದರು. ಮರಳಿನಲ್ಲಿ ಯಾರಾದರೂ ಬಲಗೈ ಎತ್ತಿ ನಿಂತರೆ ಗಾಡಿ ನಿಲ್ಲುತ್ತಿತ್ತು, ಎಂಜಿನ್ನಿನ ಬೆನ್ನಿಗಿದ್ದ ನೀರಿನ ತೊಟ್ಟಿಯ, ಅಂದರೆ ಟೆಂಡರಿನ, ನಲ್ಲಿ ತಿರುಗುತ್ತಿತ್ತು, ತೊಗಲು ಉಬ್ಬುತ್ತಿತ್ತು. ಗಾರ್ಡು ತನ್ನ ಪುಸ್ತಕದಲ್ಲಿ 'ನೀರಿಗಾಗಿ ನಿಂತಿತು' ಎಂದು ಗೀಚುತ್ತಿದ್ದ. ಉಗಿ ಎಂಜಿನ್ನು ನೀರಿಗಾಗಿ ನಿಂತರೆ ಯಾವ ಸಾಹೇಬ ಕೇಳುತ್ತಾನೆ? ಆರು ಮತ್ತು ಐದರ ನಡುವಿನ ಏರಿನಲ್ಲಿ ಕೈ ಎತ್ತುತ್ತಿದ್ದವನು ಓಶೇಕ್. ಬಿಶಾರಿ ಮುದುಕ, ಪೊದೆಗೂದಲಲ್ಲಿ ಮರದ ಬಾಚಣಿಗೆ ಸಿಕ್ಕಿಸಿಕೊಂಡು, ಎರಡು ಖಾಲಿ ತೊಗಲು ಹೆಗಲಿಗೆ ಹಾಕಿಕೊಂಡು ನಿಲ್ಲುತ್ತಿದ್ದ. ಹಳೆಯ ಎಂಜಿನ್ನಿನ ಕೊನೆಯ ಸುತ್ತಿನಲ್ಲಿ ಅವನಿಗೆ ಹೇಳಬೇಕಾಗಿತ್ತು, ಮಾವ, ಇನ್ನು ಬರುವ ಗಾಡಿಯಲ್ಲಿ ನೀರಿರುವುದಿಲ್ಲ ಎಂದು. ಹೇಳಲು ಬಾಯಿ ತೆರೆದ. ಬಾಯಿಂದ ಬಂದದ್ದು ಬೇರೆ. "ಮಾವ, ಮುಂದಿನ ಸಲ ನೋಡ್ತಿರು. ಹೊಸ ಎಂಜಿನ್ ತರ್ತೀನಿ. ಹೊಗೆ ಇಲ್ಲ, ಮಸಿ ಇಲ್ಲ, ಎಂಜಿನ್ನುಗಳ ಸುಲ್ತಾನ ಅದು." ಮುದುಕ ತಲೆಯಾಡಿಸಿದ್ದ. ಹೊತ್ತಾಗಿದ್ದರಿಂದ ಆವತ್ತು ಒಂದೇ ತೊಗಲು ತುಂಬಿತ್ತು, ಇನ್ನೊಂದು ಅರ್ಧ. "ಮುಂದಿನ ಸಲ ಎರಡೂ ತುಂಬಿಸ್ತೀನಿ" ಎಂದು ಕೂಗಿದವನೂ ಇವನೇ. ಯಾಕೆ ಹಾಗೆ ಕೂಗಿದೆ? ಸುಳ್ಳು ಹೇಳುವ ಉದ್ದೇಶವಿರಲಿಲ್ಲ. ಕೊಡುವವನಾಗಿ ಅಲ್ಲಿಂದ ಹೊರಡುವುದು ಅಭ್ಯಾಸವಾಗಿಬಿಟ್ಟಿತ್ತು, ಅಷ್ಟೇ.

ಒಂದು ದೊಡ್ಡ ಡಬ್ಬ ನೀರು ತಂದಿದ್ದರಾಗುತ್ತಿತ್ತು. ನಿನ್ನೆ ಸಂಜೆ ಯೋಚಿಸಿದ್ದೂ ಉಂಟು. ಸಂತೆ ಬೀದಿಯಲ್ಲಿ ತಗಡಿನ ಡಬ್ಬಗಳ ಮುಂದೆ ನಿಂತು, ಇದನ್ನು ಹೊತ್ತು ಇನ್ಸ್‌ಪೆಕ್ಟರನ ಎದುರು ಎಂಜಿನ್ ಹತ್ತುವುದು ಹೇಗೆ ಎಂದು ಯೋಚಿಸಿ, ಯಾರಿಗಪ್ಪಾ ಇದು ಎಂದು ಅವನು ಕೇಳಿದರೆ ಏನು ಹೇಳುವುದು ಎಂದು ಇನ್ನಷ್ಟು ಯೋಚಿಸಿ, ಎರಡು ಹಿಡಿ ಖರ್ಜೂರ ಕೊಂಡು ಮನೆಗೆ ಬಂದಿದ್ದ. ಖರ್ಜೂರ ಈಗ ಜೇಬಿನಲ್ಲಿತ್ತು. ಟ್ರೈನಿಂಗಿನ ಮೊದಲ ದಿನ ಸೀಟಿ ಹಾಕಲು ತಲೆಯ ಮೇಲಿನ ಹಗ್ಗಕ್ಕೆ ಕೈ ಚಾಚಿದ್ದ. ಹಗ್ಗ ಇರಲಿಲ್ಲ. ಎತ್ತಿದ ಕೈ ಗಾಳಿಯಲ್ಲೇ ಉಳಿಯಿತು, ಹಿಂದೆ ಕೂತ ಹುಡುಗರು ಕಿಸಕ್ಕೆಂದರು, ಕಲಿಸುವವನು "ಗುಂಡಿ ಇದೆ ಚಿಕ್ಕಪ್ಪ, ಗುಂಡಿ ಒತ್ತಿ" ಎಂದ. ಅವತ್ತಿನಿಂದ ಅವನಿಗೆ ತನ್ನ ಕೈಗಳ ಮೇಲೆ ಒಂದು ಕಣ್ಣು.

ಎಂಟು ಹೋಯಿತು. ಏಳು. ಹೊರಗೆ ಬಿಸಿಲೇರಿ ಶೈತಾನನ ನೀರು ಹಬ್ಬತೊಡಗಿತು. ದೂರದ ಮರಳಿನ ಮೇಲೆ ಬೆಳ್ಳಗೆ ತೆಳುವಾಗಿ ಹರಿದಂತೆ ಕಂಡು ಹತ್ತಿರ ಹೋದರೆ ಇಲ್ಲವಾಗುವ ನೀರು ಅದು.

"ಉಸ್ತಾ," ಎಂದ ಜಾಬಿರ್ ಹಿಂದಿನಿಂದ, "ಆರು ಬರ್ತಾ ಇದೆ."

"ಕಾಣತ್ತೆ ನಂಗೆ."

"ಆರಾದ ಮೇಲೆ ಐದು."

"ಎಣಿಸೋಕೆ ಬರತ್ತೆ ಮಾರಾಯ, ಸುಮ್ನಿರು."

ಫಿಕ್ರಿ ತಿರುಗಿ ನೋಡಿದ. "ಐದರಲ್ಲಿ ಏನಿದೆ?"

"ಏನಿಲ್ಲ ಸಾಹೇಬ್ರೇ. ನಮ್ಮ ಉಸ್ತಾಗೆ ಲೆಕ್ಕ ಅಂದ್ರೆ ಇಷ್ಟ," ಎಂದು ಜಾಬಿರ್ ಗಾಜು ಒರೆಸಿದ.

ಆರರಲ್ಲಿ ಬಾವಿಯಿದೆ. ಠಾಣೆಯ ಹೆಂಗಸರು ಬಂದು ಎಂಜಿನ್ನನ್ನು ನೋಡಿ ಬಾಯಿಯ ಮೇಲೆ ಸೆರಗಿಟ್ಟುಕೊಂಡರು. ಇಲ್ಲಿ ಇಳಿದು ಒಂದು ಡಬ್ಬ ತುಂಬಿಸಿಕೊಳ್ಳಬಹುದಲ್ಲ ಎಂದು ಮಕ್ಕಾವಿಗೆ ಹೊಳೆಯಿತು. ಎದ್ದು ನಿಂತ. ಫಿಕ್ರಿ ಗಡಿಯಾರ ನೋಡಿ, "ಸಮಯಕ್ಕೆ ಸರಿಯಾಗಿ ತಂದಿದೀರಿ, ಬಹಳ ಚೆನ್ನಾಗಿ ಓಡಿಸ್ತೀರಿ" ಎಂದ. ಆ ಒಂದು ಹೊಗಳಿಕೆಗೆ ಮಕ್ಕಾವಿ ಸೋತ. ಕೂತುಬಿಟ್ಟ. ಹೊಗಳಿಸಿಕೊಂಡು ಎಷ್ಟು ವರ್ಷವಾಗಿತ್ತು. ಗಾಡಿ ಹೊರಟಿತು. ನಿಲ್ಲಿಸುವುದಿಲ್ಲ ಎಂದು ತೀರ್ಮಾನಿಸಿದ, ತೀರ್ಮಾನಿಸಿದ ಮೇಲೆ ಹಗುರವಾಯಿತು. ನಿಲ್ಲಿಸಿ ಮಾಡುವುದೇನು, ಕೊಡಲು ಏನಿದೆ? ಬರಿಗೈಯವನು ನಿಲ್ಲಿಸಿದರೂ ಒಂದೇ ನಿಲ್ಲಿಸದಿದ್ದರೂ ಒಂದೇ. ಜೇಬಿನ ಖರ್ಜೂರವನ್ನು ಕಿಟಕಿಯಿಂದ ಎಸೆದರಾಯಿತು. ಮುದುಕ ಎತ್ತಿಕೊಳ್ಳುತ್ತಾನೆ. ಒಬ್ಬ ಮನುಷ್ಯನಿಗೆ ಓಡುವ ಗಾಡಿಯಿಂದ ತಿಂಡಿ ಎಸೆಯುವುದೇ ಎಂದುಕೊಂಡಾಗ ಕಿವಿ ಬಿಸಿಯಾಯಿತು. ಒಂದು ವೇಳೆ ಅವನು ಬಂದಿರದಿದ್ದರೆ? ಬಂದಿರದಿರಲಿ ದೇವರೇ ಎಂದು ಮನಸ್ಸಿನಲ್ಲೇ ಬೇಡಿಕೊಂಡ. ಬೇಡಿದ್ದು ಮುಗಿಯುವುದರೊಳಗೆ, ಶೈತಾನನ ನೀರಿನ ನಡುವೆ ಕಡ್ಡಿಯ ಹಾಗೆ ಒಂದು ಆಕಾರ ಕಂಡಿತು. ಕಡ್ಡಿಗೊಂದು ಪೊದೆಗೂದಲು ಬಂತು. ಬಲಗೈ ಮೇಲೆದ್ದಿತು.

ಆಮೇಲೆ ಆದದ್ದನ್ನು ಮಕ್ಕಾವಿ ಮಾಡಿದ ಎನ್ನುವುದು ಕಷ್ಟ. ಅವನು ಕಣ್ಣಿಟ್ಟು ಕಾಯುತ್ತಿದ್ದ ಕೈಗಳೇ ಮಾಡಿದವು. ಬ್ರೇಕು ಉಸಿರೆಳೆಯಿತು, ಬಿಳಿ ಡಬ್ಬಿಗಳು ಒಂದಕ್ಕೊಂದು ತಾಗಿ ಗೊಣಗಿದವು, ಗಾಡಿ ನಿಂತಿತು. "ಡ್ರೈವರ್!" ಎಂದ ಫಿಕ್ರಿ. ಅಷ್ಟರಲ್ಲಿ ಮಕ್ಕಾವಿ ಏಣಿ ಇಳಿದಾಗಿತ್ತು. ಕಾಲು ಮರಳಿಗೆ ತಾಗಿದ್ದೇ ತಡ, ಇಪ್ಪತ್ತು ವರ್ಷದ ಹಳೆಯ ರೂಢಿ ಅವನನ್ನು ಎಂಜಿನ್ನಿನ ಹಿಂಬದಿಗೆ ದೂಡಿಕೊಂಡು ಹೋಯಿತು. ಟೆಂಡರ್ ಇರಬೇಕಾದಲ್ಲಿಗೆ ಬಂದು, ನಲ್ಲಿಯಿರುವ ಎತ್ತರಕ್ಕೆ ಕೈ ಚಾಚಿದ. ಬೆರಳಿಗೆ ಸಿಕ್ಕಿದ್ದು ಬಿಸಿಯಾದ ತಗಡಿನ ಗೋಡೆ. ಒಳಗೇನೋ ಗುರುಗುಡುತ್ತಿತ್ತು. ಅವನು ಒಂದು ಹೆಜ್ಜೆ ಸರಿದು ಅಲ್ಲಿಯೂ ತಡವಿದ. ಡಬ್ಬಿಗಳ ಕಿಟಕಿಯಿಂದ ತಲೆಗಳು ಹೊರಬಂದಿದ್ದವು. ಬಿಳಿ ಅಂಗಿ ತೊಟ್ಟ ಡ್ರೈವರೊಬ್ಬ ನಡು ಮರುಭೂಮಿಯಲ್ಲಿ ತನ್ನದೇ ಎಂಜಿನ್ನಿನ ಮೈ ತಡಕಾಡುವುದನ್ನು ಇಡೀ ಗಾಡಿ ನೋಡುತ್ತಿತ್ತು. ಕೈ ಕೆಳಗಿಳಿಸುವುದಕ್ಕೂ ನಾಚಿಕೆಯಾಗಿ ಅವನು ಹಾಗೇ ನಿಂತ.

"ಏನು ಹುಡುಕ್ತಿದ್ದೀಯ ಅಳಿಯಾ?" ಎಂದಿತು ಬೆನ್ನ ಹಿಂದಿನಿಂದ ಓಶೇಕನ ಹರಕು ಅರಬ್ಬಿ. ಆದರೆ ಉತ್ತರ ಕೊಡುವ ಹಾಗಿರಲಿಲ್ಲ, ಕುಶಲ ಮುಗಿಯದೆ ಬೇರೆ ಮಾತಿಲ್ಲ ಅವರಲ್ಲಿ. ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ, ಮೈ ಹೇಗಿದೆ, ಮನೆಯವರು ಹೇಗಿದ್ದಾರೆ, ಮಕ್ಕಳು, ನದಿ, ಮೇಕೆಗಳು, ಕರಿ ಒಂಟೆ, ಅದರ ಕುಂಟು ಕಾಲು, ಮಳೆಯ ಸುದ್ದಿ, ದೇವರ ದಯೆ. ಇಬ್ಬರೂ ಎದೆಯ ಮೇಲೆ ಕೈಯಿಟ್ಟು ಒಂದೊಂದಾಗಿ ಕೇಳಿದರು, ಒಂದೊಂದಾಗಿ ಹೇಳಿದರು. ಮೇಲೆ ಬಾಗಿಲಲ್ಲಿ ನಿಂತ ಫಿಕ್ರಿ ಗಡಿಯಾರ ನೋಡಿದ, ಜಾಬಿರನನ್ನು ನೋಡಿದ. "ಒಂಟೆ ಕಾಲಿನವರೆಗೆ ಬಂದಿದೆ ಸಾಹೇಬ್ರೇ, ಇನ್ನು ಸ್ವಲ್ಪವೇ," ಎಂದು ಜಾಬಿರ್ ಸಮಾಧಾನ ಹೇಳಿದ.

"ಮಾವ," ಎಂದ ಮಕ್ಕಾವಿ ಕೊನೆಗೆ. "ನೀರಿಲ್ಲ. ಇದರಲ್ಲಿ ನೀರಿಲ್ಲ. ಆವತ್ತೇ ಹೇಳ್ಬೇಕಿತ್ತು ನಾನು."

"ಗೊತ್ತು."

"ಗೊತ್ತಾ?"

"ಕಂಬಿ ಮೇಲಿನ ಮರಳು ಎತ್ತೋ ಕೂಲಿಯವರು ಆಗ್ಲೇ ಹೇಳಿದ್ರು. ಮಕ್ಕಾವಿ ಗಾಡೀಲಿ ಇನ್ಮೇಲೆ ನೀರಿಲ್ಲ ಅಂತ." ಓಶೇಕ್ ಹೆಗಲಿನಿಂದ ತೊಗಲನ್ನು ಕೆಳಗಿಳಿಸಿದ. ಅದು ಖಾಲಿಯಾಗಿರಲಿಲ್ಲ. ಉಬ್ಬಿಕೊಂಡು, ಮೇಕೆಯ ಕಾಲುಗಳನ್ನು ಕಟ್ಟಿದ ಗಂಟಿನಲ್ಲಿ ಹನಿಯುತ್ತಾ, ಅವನ ತೋಳಿನ ಮೇಲೆ ಕೂಸಿನ ಹಾಗೆ ಮಲಗಿತ್ತು. "ಪಾಪ, ಇಷ್ಟು ಜನ ಇಟ್ಕೊಂಡು ನೀರಿಲ್ಲದ ಗಾಡೀಲಿ ಈ ಬಿಸಿಲಲ್ಲಿ ಹೆಂಗೆ ಹೋಗ್ತಾನೆ ಅಂತ ನನ್ನ ಹೆಂಡತಿ ಅಂದ್ಲು. ಗುಡ್ಡದಾಚೆ ಬಾವಿಯಿಂದ ತಂದೆ. ಒಳ್ಳೆ ನೀರು. ತಗೋ, ಕುಡಿ."

ಮಕ್ಕಾವಿ ತುಂಬಿದ ತೊಗಲನ್ನು ನೋಡಿದ. "ನಿಮ್ಮ ಮನೆಗೆ... ನೀರು?"

"ಆರರಲ್ಲಿ ಬಾವಿ ಇಲ್ವಾ? ಗುಡ್ಡದಲ್ಲಿ ಇಲ್ವಾ? ನಾನೇನು ನಿನ್ನ ನಲ್ಲಿ ನಂಬ್ಕೊಂಡು ಹುಟ್ಟಿದ್ನಾ?"

"ಮತ್ತೆ ಇಷ್ಟು ವರ್ಷ ಇಲ್ಲಿ ಬಂದು ಯಾಕೆ ನಿಲ್ತಿದ್ದೆ?"

ಮುದುಕನಿಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿರಬೇಕು. ಬಾಚಣಿಗೆ ತೆಗೆದು ತಲೆ ಕೆರೆದುಕೊಂಡು ಮತ್ತೆ ಸಿಕ್ಕಿಸಿದ. "ನೀನು ನಿಲ್ಲಿಸ್ತಿದ್ದೆ, ಅದಕ್ಕೆ. ಅಷ್ಟು ದೊಡ್ಡ ಗಾಡಿ ನಿಲ್ಲಿಸೋನು ಇರೋವಾಗ ನಾನು ಬರದೆ ಹೋದ್ರೆ ಬೇಜಾರು ಮಾಡ್ಕೊಳ್ಳಲ್ವಾ ನೀನು?"

ಎಷ್ಟೋ ಸಲ ಎಂಜಿನ್ನಿನ ಮೇಲಿನಿಂದ ಇದೇ ತಲೆಯನ್ನು ನೋಡಿ, ನಾನಿಲ್ಲದಿದ್ದರೆ ಇವನ ಗತಿಯೇನು ಎಂದುಕೊಂಡದ್ದು ಮಕ್ಕಾವಿಗೆ ನೆನಪಾಯಿತು. ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಅದರ ಬದಲು ಹೊಟ್ಟೆಯ ಆಳದಿಂದ ನಗು ಬಂತು, ಬಹಳ ದಿನದಿಂದ ಬಿಗಿದುಕೊಂಡಿದ್ದ ಏನೋ ಒಂದು ಬಿಚ್ಚಿಕೊಂಡ ಹಾಗೆ, ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಮುದುಕನೂ ನಕ್ಕ, ಯಾಕೆಂದು ಗೊತ್ತಿಲ್ಲದೆ. ಮಕ್ಕಾವಿ ತೊಗಲಿನ ಕತ್ತಿಗೆ ಬಾಯಿಟ್ಟು ತಲೆ ಹಿಂದಕ್ಕೆ ಬಾಗಿಸಿದ. ಇಷ್ಟು ವರ್ಷ ನೀರು ತುಂಬಿಸಿದ ತೊಗಲಿನಿಂದ ಅವನು ಒಂದು ಹನಿಯೂ ಕುಡಿದವನಲ್ಲ. ಮೊದಲು ಮೂಗಿಗೆ ಬಂದದ್ದು ಕಪ್ಪೆಣ್ಣೆಯ ಘಾಟು, ಆಮೇಲೆ ಮೇಕೆ. ಅಜ್ಜ ಸುಳ್ಳು ಹೇಳಿರಲಿಲ್ಲ. ನೀರು ತಣ್ಣಗಿತ್ತು. ಗಲ್ಲದ ಮೇಲೆ, ಎದೆಯ ಮೇಲೆ ಹರಿಯುತ್ತಿದ್ದರೂ ನಿಲ್ಲಿಸದೆ ಕುಡಿದ.

ಕಣ್ಣು ತೆರೆದಾಗ ಫಿಕ್ರಿ ಪಕ್ಕದಲ್ಲಿ ನಿಂತಿದ್ದ. "ಡ್ರೈವರ್, ಇದೇನಿದು? ನಾನು ಬರೀಲೇಬೇಕು, ಗೊತ್ತಲ್ಲ? ನಿಲ್ಲಿಸಿದ್ದಕ್ಕೆ ಕಾರಣ ಏನು ಅಂತ ಬರೀಲಿ?"

ಯಾರ್ಡು, ಹಿಂದಕ್ಕೆ ಮುಂದಕ್ಕೆ ಹೋಗುವ ಡಬ್ಬಿಗಳು, ಮೆತ್ತನೆಯ ಸೀಟು, ಎಲ್ಲವೂ ಮಕ್ಕಾವಿಯ ಕಣ್ಣ ಮುಂದೆ ಬಂದವು. ಎಂಜಿನ್ ಬಿಸಿಯಾಗಿತ್ತು ಎನ್ನಬಹುದಿತ್ತು. "ಇದ್ದದ್ದು ಇದ್ದ ಹಾಗೆ ಬರೀರಿ ಸಾಹೇಬ್ರೇ," ಎಂದ.

ಓಶೇಕ್ ಅಷ್ಟರಲ್ಲಿ ತೊಗಲನ್ನು ಇನ್ಸ್‌ಪೆಕ್ಟರನ ಕಡೆ ತಿರುಗಿಸಿದ್ದ. "ನೀನೂ ಕುಡಿ ಮಗಾ. ಯಾವೂರು?"

"ಹಾಲ್ಫಾ."

"ಅಣೆಕಟ್ಟು ಕಟ್ಟಿದ್ಮೇಲೆ ನದಿ ಬಂದು ಮುಳುಗಿಸತ್ತಂತಲ್ಲ ನಿಮ್ಮೂರನ್ನ?"

"ಹೌದಂತೆ," ಎಂದ ಫಿಕ್ರಿ. ಬೆಳಿಗ್ಗೆಯಿಂದ ಗಡಿಯಾರ ನೋಡುತ್ತಿದ್ದವನು ಮೊದಲ ಸಲ ಮರಳನ್ನು ನೋಡಿದ. "ನಮ್ಮ ಕಷ್ಟ ಏನಂದ್ರೆ, ನಮ್ಮಲ್ಲಿ ನೀರು ಜಾಸ್ತಿ."

"ಎಲ್ಲಾ ಕಡೆ ಏನಾದ್ರೊಂದು ಇದ್ದೇ ಇರತ್ತೆ. ಕುಡಿ."

ಫಿಕ್ರಿ ಮೂಗು ಸೊಟ್ಟ ಮಾಡಿ ಒಂದು ಗುಟುಕು ಕುಡಿದ, ಕೆಮ್ಮಿದ, ಇನ್ನೊಂದು ಗುಟುಕು ಕುಡಿದ. ಜಾಬಿರ್ ಹೇಳಿಸಿಕೊಳ್ಳದೆಯೇ ಇಳಿದುಬಂದು ಕುಡಿದ. ಮಕ್ಕಾವಿ ಜೇಬಿನ ಖರ್ಜೂರವನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟ.

ಗಾಡಿ ಹೊರಟಿತು. ಫಿಕ್ರಿ ಪುಸ್ತಕ ತೆಗೆದು ಒಂದೇ ಸಾಲು ಬರೆದು, ಮಕ್ಕಾವಿಗೆ ಓದಿ ಹೇಳಿದ: "ಆರಕ್ಕೂ ಐದಕ್ಕೂ ನಡುವೆ, ನೀರಿಗಾಗಿ ನಿಂತಿತು."

ಜಾಬಿರನ ಕೈಯಿಂದ ಬಟ್ಟೆ ಬಿತ್ತು. "ಡೀಸೆಲ್ ಎಂಜಿನ್ನಾ? ನೀರಿಗಾ? ಅಟ್ಬರಾದಲ್ಲಿ ಓದಿದೋರು ಬಿದ್ದು ಬಿದ್ದು ನಗ್ತಾರೆ ಸಾಹೇಬ್ರೇ!"

"ನಗಲಿ. ನಾನು ಸುಳ್ಳು ಬರೆದಿಲ್ಲ. ನಗ್ತಾ ಇರೋರು ಯಾರನ್ನೂ ಯಾರ್ಡಿಗೆ ಹಾಕಲ್ಲ." ಫಿಕ್ರಿ ಪುಸ್ತಕ ಮುಚ್ಚಿದ. "ಇನ್ನೊಂದ್ಸಲ ನಿಲ್ಲಿಸ್ಬೇಡಿ ಚಿಕ್ಕಪ್ಪ. ಕೈ ಎತ್ತಿದ್ರೆ ಹಾರ್ನ್ ಹೊಡೀರಿ. ಆ ಮುದುಕನಿಗೆ ಅಷ್ಟು ಸಾಕು."

"ಅವನಿಗೆ ಸಾಕು," ಎಂದ ಮಕ್ಕಾವಿ. ಗುಂಡಿಯನ್ನು ಹುಡುಕದೆಯೇ ಬೆರಳು ಹೋಗಿ ಒತ್ತಿತು, ಕಿಟಕಿಯಾಚೆ ಹಿಂದೆ ಉಳಿದ ದೂರದ ಕಡ್ಡಿಯ ಕೈ ಇನ್ನೊಮ್ಮೆ ಮೇಲೆದ್ದು ಇಳಿಯಿತು. ಅವನು ಸೀಟಿಗೆ ಒರಗಿದ. ಸೀಟು ಮೆತ್ತಗೇ ಇತ್ತು, ಈಗ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಬಿಳಿ ಅಂಗಿಯ ಎದೆಯ ಮೇಲೆ ತೊಗಲಿನಿಂದ ಇಳಿದ ಕಪ್ಪೆಣ್ಣೆ ಕೊರಳಿನಿಂದ ಹೊಕ್ಕುಳವರೆಗೆ ಅಗಲವಾಗಿ ಹರಡಿ ಬಿಸಿಲಿಗೆ ಆರುತ್ತಿತ್ತು. ಎಷ್ಟು ಉಜ್ಜಿದರೂ ಹೋಗುವ ಕಲೆಯಲ್ಲ ಅದು. ಬತೂಲ್ ಅಂಗಿಯನ್ನು ಕೈಯಲ್ಲಿ ಹಿಡಿದು, ಮೂಗಿಗೆ ತಂದು, ಇವತ್ತೇನು ಮಾಡಿದ್ರಿ ಎಂದು ಕೇಳುತ್ತಾಳೆ. ನೀರು ಕುಡಿದೆ ಎಂದು ಹೇಳಬೇಕು.